ಎಂಟನೇ ಕ್ರಾಸ್ ಫುಟ್‌ಪಾತಿನ ನೀರುಗಂಟಿ

ಮೊಬೈಲ್ ಚಾರ್ಜ್ ಮುಗಿದು ಸತ್ತೋಗಿತ್ತು, ಅಮ್ಮ ಹೂವಿನೋರ ಮುಂದೆ ಚೌಕಾಸಿಗೆ ಇಳಿದಿದ್ರು, ವರಮಹಾಲಕ್ಷ್ಮಿ ಹಬ್ಬಕ್ಕೆ ಇನ್ನೆರಡು ದಿನ ಇದೆ ಅನ್ನೋ ಹೊತ್ತಲ್ಲಿ ಮಲ್ಲೇಶ್ವರಂ ಎಂಟನೇ ಕ್ರಾಸಲ್ಲಿ ಎರಡೂ ಕೈಲಿ ಚೀಲ ಹಿಡ್ಕೊಂಡು ನಿಂತೋನಿಗೆ ಸುತ್ತ ನೋಡೋದು ಬಿಟ್ರೆ ಬೇರೆ ಕೆಲಸ ಏನಿರತ್ತೆ ಹೇಳಿ. ಮುಕ್ಕಾಲು ಗಂಟೆ ನಿಂತಿದ್ದೆ. ಮೊದಲ ಹತ್ತು ನಿಮಿಷ ಬರೀ ಸಿಟ್ಟು, ಯಾಕಪ್ಪಾ ಇಷ್ಟು ಜನ, ನಡೆಯೋಕೆ ಜಾಗ ಇಲ್ಲ, ಇದೇನು ಫುಟ್‌ಪಾತೋ ಜಾತ್ರೆನೋ ಅಂತ. ಆಮೇಲೆ ಒಂದು ವಿಷಯ ತಲೆಗೆ ಹೊಳೀತು, ಇಷ್ಟು ಜನ ಇದ್ದಾರೆ ಸರಿ, ಆದ್ರೆ ಯಾರೂ ಯಾರಿಗೂ ಡಿಕ್ಕಿ ಹೊಡೀತಾ ಇಲ್ವಲ್ಲ?

ಇದ್ದಿದ್ದು ನಾಲ್ಕು ಜನ ಹೆಗಲಿಗೆ ಹೆಗಲು ಕೊಟ್ಟು ನಡೆಯೋಷ್ಟು ಜಾಗ. ಅದರಲ್ಲೇ ಒಂದು ಕಡೆ ಸೇವಂತಿಗೆ ಗುಡ್ಡೆ, ಅದರ ಪಕ್ಕ ಬಾಳೆಕಂದು ಒರಗಿಸಿರೋರು, ಆಮೇಲೆ ಕ್ಲಿಪ್ಪು ಬಳೆ ಗಾಡಿ, ಒಂದು ಕರೆಂಟ್ ಕಂಬ, ಸ್ಟ್ಯಾಂಡ್ ಹಾಕಿ ಬಿಟ್ಟುಹೋದ ಸ್ಕೂಟರ್ ಒಂದು, ಇದೆಲ್ಲದರ ನಡುವೆ ದಾರಿ ಮಧ್ಯದಲ್ಲೇ ನಿಂತು ಮಗಳ ಮದುವೆ ಮಾತಾಡ್ತಿರೋ ಇಬ್ಬರು ಆಂಟಿಗಳು. ಜನ ಮಾತ್ರ ಹೊಳೆನೀರು ಬಂಡೆ ಸುತ್ತಿ ಹರಿಯೋ ಹಾಗೆ ಎರಡೂ ಕಡೆಯಿಂದ ಹರ್ಕೊಂಡು ಹೋಗ್ತಿದ್ರು. ಬಳೆ ಗಾಡಿಯೋನು ಹೂವಿನೋರ ಗೆರೆ ದಾಟಲ್ಲ, ಹೂವಿನೋರು ಹಿಂದಿರೋ ಬಟ್ಟೆ ಅಂಗಡಿ ಬಾಗಿಲಿಗೆ ಅಡ್ಡ ಬರಲ್ಲ, ಬಟ್ಟೆ ಅಂಗಡಿಯೋರು ಗೊಂಬೆ ತಂದು ಮೆಟ್ಟಿಲಿಂದ ಒಂದಡಿ ಹೊರಗೆ ಇಟ್ಟಿದಾರೆ, ಎರಡಡಿ ಅಲ್ಲ. ಈ ಗೆರೆಗಳನ್ನ ಯಾರು ಎಳೆದಿದ್ದು? ನೆಲದ ಮೇಲೆ ಸುಣ್ಣ ಇಲ್ಲ ಪೇಂಟ್ ಇಲ್ಲ ಬೋರ್ಡ್ ಇಲ್ಲ.

ನನಗೆ ಆಗ ನೆನಪಾಗಿದ್ದು ನೀರುಗಂಟಿ. ಸಿಟಿಯಲ್ಲೇ ಹುಟ್ಟಿ ಬೆಳೆದೋರಿಗೆ ಈ ಪದ ಗೊತ್ತಿಲ್ದೇ ಇರಬಹುದು. ಕೆರೆ ನೀರಲ್ಲಿ ಬೇಸಾಯ ಮಾಡೋ ಊರುಗಳಲ್ಲಿ ತೂಬು ಎತ್ತಿ ಯಾರ ಗದ್ದೆಗೆ ಯಾವಾಗ ಎಷ್ಟು ಹೊತ್ತು ನೀರು ಅಂತ ನೋಡ್ಕೊಳ್ಳೋನು ನೀರುಗಂಟಿ. ಅವನಿಗೆ ಸಂಬಳ ಇಲ್ಲ, ಸುಗ್ಗಿ ಆದ್ಮೇಲೆ ಕಣದಲ್ಲಿ ಇಷ್ಟು ಧಾನ್ಯ ಅಂತ ಪಾಲು. ಕೆರೆ ಯಾರದು? ಎಲ್ಲರದೂ. ಎಲ್ಲರದೂ ಅಂದ್ರೆ ಯಾರದೂ ಅಲ್ಲ ಅಂತ ಆಗಬಾರದು ಅಲ್ವಾ, ಅದಕ್ಕೇ ಸರದಿ, ಅದಕ್ಕೇ ಅವನು.

1968ರಲ್ಲಿ ಗ್ಯಾರೆಟ್ ಹಾರ್ಡಿನ್ ಅನ್ನೋ ಅಮೆರಿಕದ ಜೀವಶಾಸ್ತ್ರಜ್ಞ ಒಂದು ಲೇಖನ ಬರೆದ, ತುಂಬಾ ಹೆಸರಾಯ್ತು. ಅವನು ಹೇಳಿದ್ದು ಸುಲಭವಾಗಿ ಹೇಳಬೇಕಂದ್ರೆ ನಮ್ಮೂರ ಗೋಮಾಳದ ಕಥೆನೇ. ಎಲ್ಲರೂ ದನ ಮೇಯಿಸಬಹುದು ಅಂತ ಬಿಟ್ರೆ ಒಬ್ಬೊಬ್ಬನೂ ನಂದು ಇನ್ನೊಂದು ಹಸು ಇರಲಿ ಅಂತಾನೆ, ಕಡೆಗೆ ಹುಲ್ಲೇ ಇರಲ್ಲ, ಹಾಗಾಗಿ ಒಂದೋ ಸರ್ಕಾರ ಹಿಡಿದಿಡಬೇಕು ಇಲ್ಲಾ ಖಾಸಗಿಗೆ ಕೊಡಬೇಕು ಅನ್ನೋ ತೀರ್ಮಾನಕ್ಕೆ ಜನ ಬಂದ್ರು. ಎಲಿನರ್ ಆಸ್ಟ್ರಮ್ ಅನ್ನೋ ಮಹಿಳೆ ದಶಕಗಳ ಕಾಲ ಕೂತು ಬೇರೆ ಬೇರೆ ದೇಶದ ನೀರಾವರಿ ಕಾಲುವೆ, ಮೀನುಗಾರರ ಊರು, ಬೆಟ್ಟದ ಹುಲ್ಲುಗಾವಲು ಎಲ್ಲ ನೋಡಿ, ಸ್ವಾಮಿ ಹಾಗೇನಿಲ್ಲ, ಜನ ಎಷ್ಟೋ ಕಡೆ ತಾವೇ ನಿಯಮ ಮಾಡ್ಕೊಂಡು ತಾವೇ ಕಾವಲಿದ್ದು ನೂರಾರು ವರ್ಷ ಉಳಿಸಿಕೊಂಡಿದ್ದಾರೆ ಅಂತ ತೋರಿಸಿದ್ರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು, ಆ ವಿಭಾಗದಲ್ಲಿ ಹೆಣ್ಣೊಬ್ಬಳಿಗೆ ಬಂದಿದ್ದು ಅದೇ ಮೊದಲು. ನೀರುಗಂಟಿ ಇರೋ ಊರಲ್ಲಿ ಹುಟ್ಟಿದ ಯಾವ ಅಜ್ಜನಿಗೂ ಇದು ಹೊಸ ಸುದ್ದಿ ಆಗ್ತಿರಲಿಲ್ಲ, ಅದು ಬೇರೆ ಮಾತು.

ಎಂಟನೇ ಕ್ರಾಸ್ ಫುಟ್‌ಪಾತೂ ಕೆರೆ ಥರನೇ ನೋಡಿ. ನೀರಿನ ಬದಲು ಇಲ್ಲಿ ಹಂಚೋದು ಎರಡು, ಜಾಗ ಮತ್ತು ಹೊತ್ತು. ನಾವು ಜಾಗ ಮಾತ್ರ ನೋಡ್ತೀವಿ, ಹೊತ್ತು ಕಣ್ಣಿಗೆ ಬೀಳಲ್ಲ.

ಬೆಳಿಗ್ಗೆ ಐದೂವರೆಗೆ ಮಲ್ಲೇಶ್ವರಂ ಬಸವನಗುಡಿ ಕಡೆ ಯಾವುದಾದ್ರೂ ಮೇನ್ ರೋಡಿಗೆ ಹೋಗಿ. ಮುಚ್ಚಿದ ಶಟರ್ ಮುಂದೆ ಪೇಪರ್ ಹುಡುಗರು ಕಾಲು ಚಾಚಿ ಕೂತು ಪುರವಣಿನ ಪೇಪರ್ ಒಳಗೆ ತುರುಕ್ತಾ ಇರ್ತಾರೆ, ಪಕ್ಕದಲ್ಲಿ ನಂದಿನಿ ಹಾಲಿನ ಕ್ರೇಟು ಒಂದರ ಮೇಲೊಂದು. ಆರೂವರೆ ಏಳಕ್ಕೆ ಅದೇ ಜಾಗ ವಾಕಿಂಗ್ ಮುಗಿಸಿದ ಹಿರಿಯರದು, ಪೂಜೆ ಹೂವು ಸೊಪ್ಪು ಮಾರೋರದು. ಎಂಟರಿಂದ ಹತ್ತು ಸ್ಕೂಲ್ ಮಕ್ಕಳು ಆಫೀಸಿನೋರು, ಆಗ ಹೂವಿನೋರು ಬುಟ್ಟಿನ ಗೋಡೆ ಕಡೆ ಎಳ್ಕೊಂಡು ಚಿಕ್ಕದಾಗಿ ಕೂತ್ಕೋತಾರೆ, ಯಾರೂ ಹೇಳಿರಲ್ಲ. ಹತ್ತೂವರೆಗೆ ಶಟರ್ ಮೇಲೆ ಹೋಗತ್ತೆ, ಜಾಗ ಅಂಗಡಿಯೋರಿಗೆ ವಾಪಸ್ಸು. ಮಧ್ಯಾಹ್ನ ಎರಡು ಗಂಟೆ ಬಿಸಿಲಲ್ಲಿ ಅಲ್ಲಿ ನಾಯಿ ಮಲಗಿರತ್ತೆ, ಡೆಲಿವರಿ ಹುಡುಗ ಬೈಕ್ ಮೇಲೇ ಒರಗಿರ್ತಾನೆ. ನಾಲ್ಕು ಗಂಟೆಗೆ ಜೋಳ, ಚುರುಮುರಿ, ಬಜ್ಜಿ ಗಾಡಿಗಳು ಉರುಳ್ಕೊಂಡು ಬರ್ತಾವೆ. ಒಂಬತ್ತೂವರೆಗೆ ಶಟರ್ ಎಳೆದ ಸದ್ದು ಸಾಲಾಗಿ ಕೇಳತ್ತೆ, ಆಮೇಲೆ ಆಟೋದವರು, ವಾಚ್‌ಮನ್, ಮತ್ತೆ ಅದೇ ನಾಯಿ.

ಅಂದ್ರೆ ಆರಡಿ ಜಾಗನ ಒಂದು ದಿನಕ್ಕೆ ಏಳೆಂಟು ಪಾಳಿ ಜನ ಬಳಸ್ತಾರೆ, ಫ್ಯಾಕ್ಟರಿ ಶಿಫ್ಟ್ ಥರ. ಕೆಆರ್ ಮಾರ್ಕೆಟ್ಟಲ್ಲಿ ಇದು ಇನ್ನೂ ಜೋರು, ನಸುಕಲ್ಲೇ ಸಗಟು ವ್ಯಾಪಾರ ಜೋರಾಗಿ ನಡೆದಿರತ್ತೆ, ಎಂಟನೇ ಕ್ರಾಸಿಗೆ ಹೂವು ಬರೋದೂ ಅಲ್ಲಿಂದನೇ, ನಾವು ಎದ್ದು ಹಲ್ಲುಜ್ಜೋ ಹೊತ್ತಿಗೆ ಅಲ್ಲಿ ಒಂದು ದಿನದ ಕೆಲಸ ಮುಗಿದೋಗಿರತ್ತೆ. 1921ರಲ್ಲಿ ಕಟ್ಟಿದ ಕಟ್ಟಡಕ್ಕಿಂತ ಅದರ ಸುತ್ತಲಿನ ಬೀದಿನೇ ದೊಡ್ಡ ಮಾರ್ಕೆಟ್ ಅನ್ನೋದು ಅಲ್ಲಿ ಒಂದ್ಸಲ ಮಲ್ಲಿಗೆ ತುಳ್ಕೊಂಡು ನಡೆದೋರಿಗೆಲ್ಲ ಗೊತ್ತು.

ಸರಿ, ಪಾಳಿ ಬಿಟ್ಟುಹೋದೋರು ನಾಳೆ ವಾಪಸ್ ಬಂದಾಗ ಜಾಗ ಹಂಗೇ ಇರತ್ತೆ ಅಂತ ಏನು ಗ್ಯಾರಂಟಿ? ಇದಕ್ಕೆ ನಮ್ಮ ಜನ ಕಂಡ್ಕೊಂಡಿರೋ ಉಪಾಯ ಗುರುತು ಇಡೋದು. ಹೂವಿನೋರು ರಾತ್ರಿ ಹೋಗುವಾಗ ಟಾರ್ಪಾಲ್ ಮಡಚಿ ಮೇಲೊಂದು ಸೈಜುಗಲ್ಲು ಇಟ್ಟು ಹೋಗ್ತಾರೆ. ಇಡೀ ರಾತ್ರಿ ಆ ಕಲ್ಲನ್ನ ಯಾರೂ ಮುಟ್ಟಲ್ಲ. ಬೀಗ ಇಲ್ಲ, ಕರಾರು ಪತ್ರ ಇಲ್ಲ, ಒಂದು ಕಲ್ಲು. ರೇಷನ್ ಅಂಗಡಿ ಮುಂದೆ ಸಾಲಲ್ಲಿ ಚಪ್ಪಲಿ ಬಿಟ್ಟು ಮರದ ಕೆಳಗೆ ಹೋಗಿ ಕೂತ್ಕೊಳ್ಳೋದು, ಊರಿನ ಬಸ್ಸಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟ್ ಹಿಡಿಯೋದು, ಎಲ್ಲ ಇದೇ ಜಾತಿ. ಟವೆಲ್ ತೆಗೆದು ಪಕ್ಕಕ್ಕೆ ಇಟ್ಟು ಕೂತ್ಕೊಂಡ್ರೆ ಕಾನೂನು ಏನೂ ಮಾಡಲ್ಲ, ಬಸ್ಸಲ್ಲಿರೋ ಜನ ಮಾಡ್ತಾರೆ. ಅಲ್ಲಿಗೆ ಕಾವಲೂ ಆಯ್ತು ದಂಡನೂ ಆಯ್ತು.

ಇನ್ನು ನೀರುಗಂಟಿ ಯಾರು ಅಂತ. ನಾನು ನೋಡಿದ ಸಾಲಲ್ಲಿ ಅವತ್ತು ಅಮ್ಮನ ಜೊತೆ ಮೊಳಕ್ಕೆ ಎಷ್ಟು ಅಂತ ಜಗಳಾಡ್ತಿದ್ದ ಅಜ್ಜಿನೇ. ಅವರ ಮೊಳ ಸ್ವಲ್ಪ ಚಿಕ್ಕದು ಅನ್ನೋದು ಅಮ್ಮನ ಹಳೇ ಆರೋಪ, ಅದಿರಲಿ. ಹೊಸದಾಗಿ ಒಬ್ಬ ಹುಡುಗ ಬಲೂನ್ ತಗೊಂಡು ಬಂದು ನಿಂತ, ಅಜ್ಜಿ ಹೂವು ಕಟ್ಟೋದು ನಿಲ್ಲಿಸಲೇ ಇಲ್ಲ, ಬರೀ ಗದ್ದ ಎತ್ತಿ ಆ ಕಡೆ ತೋರಿಸಿದ್ರು, ಹುಡುಗ ಕಂಬದ ಆಚೆ ಹೋಗಿ ನಿಂತ್ಕೊಂಡ. ಯಾರ ಬಲ್ಬಿಗೆ ಯಾವ ಅಂಗಡಿಯಿಂದ ಕರೆಂಟು, ಅದಕ್ಕೆ ದಿನಕ್ಕೆ ಎಷ್ಟು, ಯಾರು ಊಟಕ್ಕೆ ಹೋದಾಗ ಯಾರು ನೋಡ್ಕೋಬೇಕು, ಹಬ್ಬದ ವಾರ ಮಾತ್ರ ಬರೋ ಬಾಳೆಕಂದಿನೋರಿಗೆ ಎಲ್ಲಿ ಜಾಗ, ಇದೆಲ್ಲ ಅವರ ತಲೆಯಲ್ಲಿ ಇರತ್ತೆ. ಜೊತೆಗೆ ಆಗಾಗ ಬಂದು ನಿಂತು ಕೈ ಚಾಚೋ ಮಂದಿಗೆ ಯಾರು ಎಷ್ಟು ಕೊಡಬೇಕು ಅನ್ನೋ ಲೆಕ್ಕನೂ ಇರತ್ತೆ. ಅದಕ್ಕೆ ನಾವು ಇಟ್ಟಿರೋ ಹೆಸರು ನೋಡಿ, ಮಾಮೂಲಿ. ಲಂಚಕ್ಕೆ ದಿನನಿತ್ಯದ್ದು ಅನ್ನೋ ಅರ್ಥದ ಪದ ಸಿಕ್ಕಿದೆ ಅಂದ್ರೆ ಅದು ಎಷ್ಟು ಒಗ್ಗಿಹೋಗಿದೆ ಅಂತ ಬೇರೆ ಹೇಳಬೇಕಾಗಿಲ್ಲ.

ನಡೆಯೋರ ಕಡೆ ಬರೋಣ. ಅವರಲ್ಲಿ ಅಜ್ಜಿ ಥರ ಹಿರಿಯರು ಯಾರೂ ಇಲ್ಲ, ಎಲ್ಲ ಒಂದೆರಡು ಸೆಕೆಂಡಿನ ಪರಿಚಯ. ಎದುರು ಬರೋನ ಮುಖ ದೂರದಿಂದ ಒಂದ್ಸಲ ನೋಡ್ತೀವಿ, ಹತ್ತಿರ ಬಂದಾಗ ಕಣ್ಣು ಬೇರೆ ಕಡೆ ಹಾಕ್ತೀವಿ. ಆ ಮೊದಲ ನೋಟದಲ್ಲಿ ನೀನು ಆ ಕಡೆ ನಾನು ಈ ಕಡೆ ಅಂತ ತೀರ್ಮಾನ ಆಗೋಗಿರತ್ತೆ, ಎರಡನೇದು ನಿನ್ನ ಗೊಡವೆಗೆ ನಾನು ಬರಲ್ಲಪ್ಪ ಅನ್ನೋ ಭರವಸೆ. ಅರ್ವಿಂಗ್ ಗಾಫ್‌ಮನ್ ಅನ್ನೋ ಸಮಾಜಶಾಸ್ತ್ರಜ್ಞ 1960ರ ದಶಕದಲ್ಲಿ ಇದಕ್ಕೊಂದು ಶಾಸ್ತ್ರೀಯ ಹೆಸರು ಇಟ್ಟ, ನಮ್ಮಲ್ಲಿ ಅದಕ್ಕೆ ಕಂಡೂ ಕಾಣದ ಹಾಗೆ ಅಂತ ಮೊದಲಿಂದಲೂ ಮಾತಿದೆ. ಸಿಟಿಲಿ ಬದುಕೋಕೆ ಇದು ಬೇಕೇಬೇಕು. ಎದುರು ಸಿಕ್ಕ ಪ್ರತಿಯೊಬ್ಬನನ್ನೂ ಊರಲ್ಲಿ ಮಾಡೋ ಹಾಗೆ ಎಲ್ಲಿಗ್ಹೊಂಟ್ರಿ ಅಂತ ಕೇಳ್ತಾ ಹೋದ್ರೆ ಸಂಪಿಗೆ ರೋಡ್ ದಾಟೋಕೆ ಸಂಕ್ರಾಂತಿ ಬರತ್ತೆ.

ಮತ್ತೆ ಆ ಇಬ್ಬರು ಆಂಟಿಗಳು. ದಾರಿ ಮಧ್ಯ ಯಾಕೆ ನಿಲ್ತಾರೆ ಅಂತ ನನಗೂ ರೇಗ್ತಿತ್ತು. ವಿಲಿಯಂ ವೈಟ್ ಅಂತ ಒಬ್ಬ 1970ರ ದಶಕದಲ್ಲಿ ನ್ಯೂಯಾರ್ಕಿನ ಬೀದಿಗಳಲ್ಲಿ ಕ್ಯಾಮೆರಾ ಇಟ್ಟು ಇದನ್ನೇ ಚಿತ್ರ ತೆಗೆದ. ಜನ ಮಾತಾಡೋಕೆ ನಿಂತಾಗ ಪಕ್ಕಕ್ಕೆ ಸರಿಯಲ್ಲ, ಓಡಾಟ ಜಾಸ್ತಿ ಇರೋ ಕಡೆನೇ, ಎರಡು ಬೀದಿ ಸೇರೋ ಮೂಲೆಯಲ್ಲೇ ನಿಲ್ತಾರೆ ಅಂತ ಗೊತ್ತಾಯ್ತು. ಯಾಕಂದ್ರೆ ಅಲ್ಲಿ ಹೊರಡೋದು ಸುಲಭ, ಪಕ್ಕಕ್ಕೆ ಸರಿದು ನಿಂತ್ರೆ ಮಾತಿಗೆ ಕಟ್ಟು ಬಿದ್ದ ಹಾಗೆ ಅಂತ ನನ್ನ ಊಹೆ. ಅವನು ಇನ್ನೊಂದು ನೋಡಿದ, ದೊಡ್ಡ ದೊಡ್ಡ ಕಟ್ಟಡದ ಮುಂದೆ ಬಿಟ್ಟಿರೋ ಬಯಲಲ್ಲಿ ಕೆಲವು ಖಾಲಿ ಹೊಡೀತಾವೆ ಕೆಲವು ತುಂಬಿ ತುಳುಕ್ತಾವೆ, ವ್ಯತ್ಯಾಸ ಏನು ಅಂದ್ರೆ ಕೂರೋಕೆ ಜಾಗ ಇದೆಯಾ ಇಲ್ವಾ, ಅಷ್ಟೇ. ಅವನ ಕೆಲಸ ನೋಡಿ 1975ರಲ್ಲಿ ನ್ಯೂಯಾರ್ಕ್ ತನ್ನ ಕಟ್ಟಡ ನಿಯಮನೇ ತಿದ್ದಿತು.

ಇದನ್ನ ಓದಿದಾಗ ನನಗೆ ನಗು ಬಂದಿದ್ದು ಯಾಕಂದ್ರೆ ನಮ್ಮಲ್ಲಿ ಅರಳಿಕಟ್ಟೆ ಇತ್ತಲ್ಲ. ಜಗಲಿ ಇತ್ತಲ್ಲ. ಜಗಲಿ ಅನ್ನೋದು ಮನೆಗೂ ಬೀದಿಗೂ ನಡುವಿನ ಒಂದು ಜಾಗ, ಮನೆಯೋರದ್ದೇ ಆದ್ರೂ ದಾರಿಹೋಕ ಬಂದು ಕೂತು ನೀರು ಕೇಳಬಹುದು, ಒಳಗೆ ಬರಬೇಕಂದ್ರೆ ಮಾತ್ರ ಕರೀಬೇಕು. ಈಗ ಅದೇ ಜಾಗದಲ್ಲಿ ಕಾಂಪೌಂಡು, ಅದರ ಮೇಲೆ ಗಾಜಿನ ಚೂರು. ಅಂಗಡಿ ಮುಂದಿನ ಕಟ್ಟೆ ಮೇಲೆ ಯಾರೂ ಕೂರಬಾರದು ಅಂತ ಕಬ್ಬಿಣದ ಮುಳ್ಳು ಬೆಸೆದಿರ್ತಾರೆ, ಗಮನಿಸಿ ನೋಡಿ, ಒಂದ್ಸಲ ಕಣ್ಣಿಗೆ ಬಿತ್ತು ಅಂದ್ರೆ ಎಲ್ಲ ಕಡೆ ಕಾಣತ್ತೆ. ಕೂರೋ ಜಾಗ ಕಿತ್ತುಕೊಂಡು ಆಮೇಲೆ ಜನ ದಾರಿಲಿ ನಿಲ್ತಾರೆ ಅಂತ ನಾವೇ ಬೈತೀವಿ.

ಬಸ್ಸಿನ ವಿಷಯ ಹೇಳದೇ ಇದ್ರೆ ಬೆಂಗಳೂರಿನ ಕಥೆ ಪೂರ್ತಿ ಆಗಲ್ಲ. ಬಿಎಂಟಿಸಿ ಬಸ್ಸು ಅಂದ್ರೆ ಫುಟ್‌ಪಾತಿಗೆ ಚಕ್ರ ಹಾಕಿದ ಹಾಗೆ, ಜಾಗ ಇನ್ನೂ ಕಮ್ಮಿ, ನಿಯಮ ಇನ್ನೂ ಜಾಸ್ತಿ. ಮುಂದೆ ಹೆಂಗಸರು ಹಿಂದೆ ಗಂಡಸರು ಅನ್ನೋದು ಬರೆದಿರೋ ನಿಯಮ. ಸೀಟ್ ಖಾಲಿ ಆದ್ರೆ ಅದರ ಪಕ್ಕದಲ್ಲೇ ನಿಂತಿರೋರಿಗೆ ಮೊದಲ ಹಕ್ಕು, ಎರಡು ಸೀಟ್ ಆಚೆಯಿಂದ ಹಾರಿ ಬಂದು ಕೂತ್ರೆ ಎಲ್ಲರ ನೋಟನೂ ತಿನ್ನಬೇಕು, ಇದು ಬರೆಯದ್ದು. ನನಗೆ ಎಲ್ಲಕ್ಕಿಂತ ಇಷ್ಟ ಬ್ಯಾಗ್ ಪದ್ಧತಿ. ನಿಂತಿರೋ ಕಾಲೇಜ್ ಹುಡುಗಿ ಕೂತಿರೋ ಅಪರಿಚಿತ ಆಂಟಿ ಮಡಿಲಿಗೆ ಬ್ಯಾಗ್ ಇಡ್ತಾಳೆ, ಕೆಲವೊಮ್ಮೆ ಆಂಟಿನೇ ಕೊಡಮ್ಮ ಇಲ್ಲಿ ಅಂತ ಈಸ್ಕೋತಾರೆ, ಒಳಗೆ ಲ್ಯಾಪ್‌ಟಾಪ್ ಇರತ್ತೆ ಪರ್ಸ್ ಇರತ್ತೆ, ಹೆಸರು ಕೂಡ ಕೇಳಲ್ಲ, ಇಳಿಯೋ ಸ್ಟಾಪಲ್ಲಿ ಬ್ಯಾಗ್ ತಗೊಂಡು ಥ್ಯಾಂಕ್ಸ್ ಆಂಟಿ ಅಂತ ಇಳಿದು ಹೋಗ್ತಾಳೆ. ಸೀಟ್ ಕೊಡೋಕೆ ಆಗಲ್ಲ, ಭಾರನಾದ್ರೂ ಹಂಚ್ಕೋತೀನಿ ಅನ್ನೋ ಲೆಕ್ಕ.

ಇಲ್ಲಿ ನೀರುಗಂಟಿ ಕಂಡಕ್ಟರು. ಓಲ್ಡಾನ್, ರೈಟ್ ರೈಟ್, ಒಳಗಡೆ ನಡೀರಿ ಒಳಗಡೆ ನಡೀರಿ ಮಧ್ಯ ಖಾಲಿ ಇದೆ ಅಂತ ಕೂಗ್ತಾನೇ ಇರ್ತಾರೆ, ಮಧ್ಯ ಖಾಲಿ ಇರಲ್ಲ, ಆದ್ರೂ ಹೇಗೋ ಇನ್ನೂ ಐದು ಜನ ಹಿಡೀತಾರೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಗಿ ಹೆಂಗಸರಿಗೆ ಟಿಕೆಟ್ ಫ್ರೀ ಆದ್ಮೇಲೆ ಬಸ್ಸೊಳಗಿನ ಗಡಿ ಜರುಗಿದ್ದನ್ನ ನಾನೇ ನೋಡಿದ್ದೀನಿ. ಮೊದಲು ಮುಂದಿನ ಬಾಗಿಲ ಹತ್ತಿರಕ್ಕೆ ಸೀಮಿತ ಆಗಿದ್ದೋರು ಹಿಂದಿನ ಸೀಟುಗಳ ತನಕ ಬಂದ್ರು, ಕೆಲವು ಗಂಡಸರು ಗೊಣಗಿದ್ರು, ಆಮೇಲೆ ಒಗ್ಗಿಕೊಂಡ್ರು. ಇಷ್ಟು ವರ್ಷ ಎಲ್ಲರ ಬಸ್ಸು ಅಂತ ಕರೀತಿದ್ದಿದ್ದು ನಿಜಕ್ಕೂ ಯಾರದಾಗಿತ್ತು ಅನ್ನೋ ಪ್ರಶ್ನೆ ಆಗ ಬರತ್ತೆ ಅಲ್ವಾ.

ಆ ಪ್ರಶ್ನೆ ಹಿಡ್ಕೊಂಡು ಫುಟ್‌ಪಾತಿಗೆ ವಾಪಸ್ ಬನ್ನಿ, ಚಿತ್ರ ಅಷ್ಟು ಚೆಂದ ಕಾಣಲ್ಲ. ನೀರುಗಂಟಿ ಎಷ್ಟೇ ಒಳ್ಳೆಯವನಾದ್ರೂ ನೀರು ಹಂಚೋದು ಅಚ್ಚುಕಟ್ಟಿನ, ಅಂದ್ರೆ ಆ ಕೆರೆ ನೀರು ಹಾಯೋ ಜಮೀನಿನ, ಒಳಗಿರೋ ಗದ್ದೆಗೆ. ಆಚೆ ಇರೋನಿಗೆ ಸರದಿನೇ ಇಲ್ಲ. ಒಳಗಿದ್ರೂ ಕಾಲುವೆ ಕೊನೆಯಲ್ಲಿ ಜಮೀನು ಇರೋ ರೈತನಿಗೆ ಮುಂದಿನೋರೆಲ್ಲ ಕುಡಿದು ಉಳಿದಿದ್ದು. ಪ್ರತಿ ಬೇಸಿಗೆ ಕೊನೆ ಭಾಗಕ್ಕೆ ನೀರು ಬಂದಿಲ್ಲ ಅಂತ ಪೇಪರಲ್ಲಿ ಬರತ್ತಲ್ಲ, ಅದೇ.

ಅವತ್ತು ಆ ಮುಕ್ಕಾಲು ಗಂಟೆಯಲ್ಲಿ ನನ್ನ ಕಣ್ಣಿಗೆ ಕಡೆಗೆ ಬಿದ್ದಿದ್ದು ಕಾಲುವೆ ಕೊನೆಯೋರು. ವಾಕರ್ ಹಿಡ್ಕೊಂಡ ಒಬ್ಬ ತಾತ ಸ್ಕೂಟರ್ ಹತ್ತಿರ ಬಂದು ನಿಂತ್ರು, ಎಡಕ್ಕೆ ನೋಡಿದ್ರು ಬಲಕ್ಕೆ ನೋಡಿದ್ರು, ಆಮೇಲೆ ನಿಧಾನಕ್ಕೆ ರೋಡಿಗೆ ಇಳಿದ್ರು, ಹಿಂದಿಂದ ಆಟೋ ಹಾರನ್. ಮಗುನ ತಳ್ಳುಗಾಡಿಲಿ ಕರ್ಕೊಂಡು ಬಂದಿದ್ದ ಹುಡುಗಿ ಫುಟ್‌ಪಾತ್ ಹತ್ತೋ ಪ್ರಯತ್ನನೇ ಮಾಡಲಿಲ್ಲ. ವೀಲ್‌ಚೇರಲ್ಲಿ ಇರೋರು ಒಬ್ಬರೂ ಕಾಣಲಿಲ್ಲ. ಮಲ್ಲೇಶ್ವರಂನಲ್ಲಿ ವೀಲ್‌ಚೇರ್ ಬಳಸೋರೇ ಇಲ್ಲ ಅಂತ ಅಲ್ಲ, ಅವರು ಬರೋಕಾಗಲ್ಲ ಅಂತ. ನಾವೆಲ್ಲ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಿ ಅಂತ ಹೆಮ್ಮೆಯಿಂದ ಹೇಳ್ತೀವಲ್ಲ, ಅದು ಬೆಂಗಳೂರಿನ ಮಂತ್ರ ಅಂತ ಟೀ ಶರ್ಟ್ ಮೇಲೆ ಬೇರೆ ಹಾಕ್ಕೋತೀವಿ, ಅಡ್ಜಸ್ಟ್ ಆಗೋಕೆ ಮೈ ಓರೆ ಮಾಡೋಕೆ ಬರಬೇಕು, ಹಾರೋಕೆ ಬರಬೇಕು, ಸಟ್ಟಂತ ರೋಡಿಗೆ ಇಳಿದು ಸಟ್ಟಂತ ಹತ್ತೋಕೆ ಬರಬೇಕು. ಬರದೇ ಇರೋರು ಮನೇಲಿ ಇರ್ತಾರೆ.

ಕಾಗದದ ಮೇಲೆ ಇವರಿಗೆ ಎಲ್ಲ ಇದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅಂತ ಒಂದು ಸಂಸ್ಥೆ ರಸ್ತೆಗಳ ಅಳತೆ ಹೇಳತ್ತೆ. ಅದರ ಪ್ರಕಾರ ಫುಟ್‌ಪಾತಿನಲ್ಲಿ ಅಡ್ಡಿ ಇಲ್ಲದ ನಡಿಗೆ ಜಾಗ ಕಮ್ಮಿ ಅಂದ್ರೂ 1.8 ಮೀಟರ್, ಎರಡು ವೀಲ್‌ಚೇರ್ ಎದುರುಬದುರು ದಾಟೋಷ್ಟು. ಎತ್ತರ 150 ಮಿಲಿಮೀಟರಿಗಿಂತ ಜಾಸ್ತಿ ಇರಬಾರದು, ಅಂದ್ರೆ ಅರ್ಧ ಅಡಿ. ಫುಟ್‌ಪಾತನ್ನ ಮೂರು ಪಟ್ಟಿ ಅಂತ ಯೋಚನೆ ಮಾಡಬೇಕು, ಕಟ್ಟಡದ ಪಕ್ಕ ಒಂದು, ಅಂಗಡಿ ನೋಡ್ತಾ ನಿಲ್ಲೋರಿಗೆ, ಮಧ್ಯದ್ದು ನಡೆಯೋರಿಗೆ, ರೋಡಿನ ಕಡೆದು ಮರ, ಕಂಬ, ಬೆಂಚು, ವ್ಯಾಪಾರಿಗಳಿಗೆ. ನೋಡಿದ್ರಾ, ವ್ಯಾಪಾರಿಗೂ ಆ ಲೆಕ್ಕದಲ್ಲಿ ಜಾಗ ಇದೆ, ನಡೆಯೋನಿಗೂ ಇದೆ. ನಮ್ಮ ಕಡೆ ಫುಟ್‌ಪಾತ್ ಅಂದ್ರೆ ಮುಕ್ಕಾಲು ಪಾಲು ಚರಂಡಿಗೆ ಮುಚ್ಚಿದ ಕಲ್ಲುಚಪ್ಪಡಿ, ಚರಂಡಿ ಎಷ್ಟು ಅಗಲನೋ ಫುಟ್‌ಪಾತ್ ಅಷ್ಟೇ ಅಗಲ, ಅದರ ಮೇಲೆ ಟ್ರಾನ್ಸ್‌ಫಾರ್ಮರ್ ಬಂದು ಕೂತ್ರೆ ಮೂರು ಪಟ್ಟಿ ಎಲ್ಲಿಂದ ತರೋದು.

ಇಲ್ಲೊಂದು ತಪ್ಪು ಕಲ್ಪನೆ ಬಗ್ಗೆ ಹೇಳಬೇಕು. ಫುಟ್‌ಪಾತ್ ವ್ಯಾಪಾರ ಅಂದ್ರೆ ಒತ್ತುವರಿ, ಎತ್ತಂಗಡಿ ಮಾಡಿದ್ರೆ ಸರಿಹೋಗತ್ತೆ ಅಂತ ಬಹಳ ಜನ ಅನ್ಕೊಂಡಿದ್ದಾರೆ. 1989ರಲ್ಲಿ ಸೋದನ್ ಸಿಂಗ್ ಅನ್ನೋ ದೆಹಲಿ ವ್ಯಾಪಾರಿಯ ಕೇಸಲ್ಲಿ ಸುಪ್ರೀಂ ಕೋರ್ಟೇ ಹೇಳಿಬಿಟ್ಟಿದೆ, ಬೀದಿ ಬದಿ ವ್ಯಾಪಾರ ಸಂವಿಧಾನ ಕೊಟ್ಟಿರೋ ಉದ್ಯೋಗದ ಹಕ್ಕಿನೊಳಗೇ ಬರತ್ತೆ, ರಸ್ತೆ ಇರೋದು ಬರೀ ಹೋಗಿಬರೋಕೆ ಅನ್ನೋ ಒಂದೇ ಕಾರಣಕ್ಕೆ ಅದನ್ನ ಇಲ್ಲ ಅನ್ನೋಕಾಗಲ್ಲ, ಆದ್ರೆ ನಿಯಂತ್ರಣ ಹಾಕಬಹುದು ಅಂತ. ಆಮೇಲೆ 2014ರಲ್ಲಿ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಬಂತು. ಐದು ವರ್ಷಕ್ಕೊಮ್ಮೆಯಾದ್ರೂ ಸರ್ವೆ ಮಾಡಬೇಕು, ಸರ್ವೆ ಮುಗಿಯೋ ತನಕ ಎತ್ತಂಗಡಿ ಮಾಡೋ ಹಾಗಿಲ್ಲ, ಎಬ್ಬಿಸೋದಾದ್ರೆ 30 ದಿನ ಮುಂಚೆ ನೋಟಿಸ್ ಕೊಡಬೇಕು, ಜನಸಂಖ್ಯೆಯ ಶೇ 2.5ರ ತನಕ ವ್ಯಾಪಾರಿಗಳಿಗೆ ಜಾಗ ಮಾಡ್ಕೊಡಬೇಕು. ಪಟ್ಟಣ ವ್ಯಾಪಾರ ಸಮಿತಿ ಅಂತ ಒಂದು ಇರಬೇಕು, ಅದರಲ್ಲಿ ಶೇ 40 ಆದ್ರೂ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಅಂದ್ರೆ ಹೂವಿನ ಅಜ್ಜಿ ಗದ್ದ ಎತ್ತಿ ತೋರಿಸೋ ಕೆಲಸನ ಕಾನೂನು ಮೇಜಿನ ಮೇಲೆ ತಂದು ಇಡೋಕೆ ನೋಡಿದೆ.

ಒಳ್ಳೇ ಕಾಯ್ದೆನೇ. ಆ ಸಮಿತಿಯಲ್ಲಿ ಟ್ರಾಫಿಕ್ ಪೊಲೀಸ್, ವರ್ತಕರ ಸಂಘ, ನಿವಾಸಿಗಳ ಸಂಘ ಎಲ್ಲಕ್ಕೂ ಕುರ್ಚಿ ಇದೆ. ನಡೆಯೋರು ಅಂತ ಹೆಸರು ಹಿಡಿದು ಕುರ್ಚಿ ಇಲ್ಲ. ಯಾಕಂದ್ರೆ ನಡೆಯೋರಿಗೆ ಸಂಘ ಇಲ್ಲ, ನಾವೆಲ್ಲ ಹತ್ತು ನಿಮಿಷಕ್ಕೆ ಮಾತ್ರ ನಡೆಯೋರು, ಆಮೇಲೆ ಗಾಡಿ ಹತ್ತಿದ ತಕ್ಷಣ ನಡೆಯೋರಿಗೇ ಹಾರನ್ ಹೊಡೆಯೋರು. ತಾತನ ವಾಕರಿಗೆ ಅಡ್ಡ ಇದ್ದಿದ್ದು ಅಜ್ಜಿಯ ಬುಟ್ಟಿ ಆಗಿರಲಿಲ್ಲ, ನಿಲ್ಲಿಸಿ ಹೋಗಿದ್ದ ಸ್ಕೂಟರ್ ಆಗಿತ್ತು, ಇದನ್ನ ನಾನು ಒತ್ತಿ ಹೇಳ್ತೀನಿ. ಅಜ್ಜಿಗೆ ಸ್ವಲ್ಪ ಜರುಗಿಸ್ಕೊಳಿ ಅಂದ್ರೆ ಜರುಗ್ತಾರೆ, ಬೀಗ ಹಾಕಿದ ಸ್ಕೂಟರಿಗೆ ಕಿವಿ ಇಲ್ಲ. ಪಾಳಿ ಪದ್ಧತಿ ನಡೆಯೋದು ಜಾಗದಲ್ಲಿ ಮನುಷ್ಯರು ಇದ್ದಾಗ, ಮಾಲೀಕ ಇಲ್ಲದ ಗಾಡಿ ಎಲ್ಲರ ಪಾಳಿನೂ ಒಬ್ಬನೇ ತಿಂದು ಕೂತಿರತ್ತೆ.

ಗಾಡಿ ತೆಗೆದ್ರೆ ಏನಾಗತ್ತೆ ಅನ್ನೋದನ್ನ ಚರ್ಚ್ ಸ್ಟ್ರೀಟಲ್ಲಿ ಒಮ್ಮೆ ನೋಡಿದ್ವಿ. 2020ರ ನವೆಂಬರಿಂದ 2021ರ ಫೆಬ್ರವರಿ ತನಕ ಶನಿವಾರ ಭಾನುವಾರ ಅಲ್ಲಿ ಗಾಡಿ ನಿಷೇಧ ಮಾಡಿದ್ರು. ಜನ ರೋಡ್ ಮಧ್ಯ ನಡೆದ್ರು, ಮಕ್ಕಳು ಓಡಿದ್ರು. ಅವಧಿ ಮುಗೀತು, ಗಾಡಿ ವಾಪಸ್ ಬಂತು. ಕಬ್ಬನ್ ಪಾರ್ಕಲ್ಲಿ ಭಾನುವಾರ ಗಾಡಿ ಬಿಡಲ್ವಲ್ಲ, ಅದೂ ಹೊತ್ತಿನ ಹಂಚಿಕೆನೇ, ಕೆಲಸದ ದಿನ ನಿಮ್ಮದು, ಭಾನುವಾರ ನಮ್ಮದು.

ಪಾರ್ಕ್ ಅಂದಾಗ ನೆನಪಾಯ್ತು. ಬಡಾವಣೆ ಪಾರ್ಕುಗಳನ್ನ ಬೆಳಿಗ್ಗೆ ವಾಕಿಂಗಿಗೆ ತೆಗೆದು, ಹತ್ತು ಗಂಟೆ ಹೊತ್ತಿಗೆ ಬೀಗ ಜಡಿದು, ಮತ್ತೆ ಸಂಜೆ ತೆಗೆಯೋ ಅಭ್ಯಾಸ ವರ್ಷಗಟ್ಟಲೆ ಇತ್ತು. ಸೆಕ್ಯುರಿಟಿಗೆ ಅಂತ ಕಾರಣ. ಮಧ್ಯಾಹ್ನ ಹನ್ನೆರಡರಿಂದ ಮೂರು ಗಂಟೆಗೆ ನೆರಳು ಯಾರಿಗೆ ಬೇಕು? ಮೂರು ಮನೆ ಪಾತ್ರೆ ಮುಗಿಸಿ ನಾಲ್ಕನೇ ಮನೆಗೆ ಹೋಗೋಕೆ ಮುಂಚೆ ಡಬ್ಬಿ ಬಿಚ್ಚೋ ಅಕ್ಕನಿಗೆ, ಮೀಟರ್ ಓದೋನಿಗೆ, ಪಾರ್ಸೆಲ್ ಹುಡುಗನಿಗೆ. ಅವರಿಗೆ ಬೇಕಾದ ಹೊತ್ತಲ್ಲಿ ಸರಿಯಾಗಿ ಬೀಗ. 2024ರಲ್ಲಿ ಪಾಲಿಕೆ ಪಾರ್ಕುಗಳು ಬೆಳಿಗ್ಗೆ 5ರಿಂದ ರಾತ್ರಿ 10ರ ತನಕ ತೆರೆದಿರಬೇಕು ಅಂತ ಆದೇಶ ಬಂದಾಗ ನಮ್ಮ ಏರಿಯಾದಲ್ಲಿ ಕೆಲವರಿಗೆ ಭಾರೀ ಬೇಜಾರು, ಯಾರ್ಯಾರೋ ಬಂದು ಮಲಗ್ತಾರೆ ಅಂತ. ಮಲಗ್ಲಿ ಬಿಡ್ರಿ, ಬೆಂಚ್ ಇರೋದು ಮತ್ತೆ ಇನ್ನೇನಕ್ಕೆ.

ಇನ್ನೊಂದು ಸಣ್ಣ ಪರೀಕ್ಷೆ ಇದೆ, ನೀವೂ ಮಾಡಬಹುದು. ಸಂಜೆ ಏಳಕ್ಕೆ ಯಾವುದಾದ್ರೂ ಟೀ ಅಂಗಡಿ ಮುಂದೆ ನಿಂತು, ಏನೂ ಕೆಲಸ ಇಲ್ಲದೆ ಸುಮ್ನೆ ನಿಂತಿರೋರು ಯಾರು ಅಂತ ನೋಡಿ. ಗಂಡಸರು ಕೈ ಕಟ್ಕೊಂಡು, ಒಂದು ಕಾಲು ಗೋಡೆಗೆ ಕೊಟ್ಟು, ಅರ್ಧ ಗಂಟೆ ಒಂದೇ ಬೈಟೂ ಟೀ ಹಿಡ್ಕೊಂಡು. ಹೆಂಗಸರು ಸುಮ್ನೆ ನಿಂತಿರೋದು ಅಪರೂಪ, ಬಸ್ಸಿಗೆ ಕಾಯ್ತಿರ್ತಾರೆ, ತರಕಾರಿ ಆರಿಸ್ತಿರ್ತಾರೆ, ಇಲ್ಲಾ ಫೋನ್ ಕಿವಿಗೆ ಇಟ್ಕೊಂಡಿರ್ತಾರೆ. ನಮ್ಮ ತಂಗಿ ಹೇಳಿದ್ದು, ಅಣ್ಣ ಎಷ್ಟೋ ಸಲ ಫೋನಲ್ಲಿ ಯಾರೂ ಇರಲ್ಲ ಕಣೋ ಅಂತ. ಕಾರಣ ಇಲ್ಲದೆ ನಿಲ್ಲೋ ಹಕ್ಕೂ ಒಂದು ಥರದ ನೀರೇ, ಅದೂ ಮೇಲಿನ ಗದ್ದೆಯೋರ ಹತ್ರನೇ ನಿಂತುಬಿಟ್ಟಿದೆ.

ಇದನ್ನೆಲ್ಲ ಒಟ್ಟಿಗೆ ನೋಡೋಕೆ ಹೋದ್ರೆ ಗೊಂದಲ ಆಗತ್ತೆ, ಅದಕ್ಕೆ ಒಂದೇ ಜಾಗ ಆರಿಸ್ಕೊಳಿ, ಮೂರು ಬೇರೆ ಹೊತ್ತಲ್ಲಿ ಅರ್ಧರ್ಧ ಗಂಟೆ ಹೋಗಿ ನಿಲ್ಲಿ, ಫೋನ್ ಜೇಬಲ್ಲಿರಲಿ. ಯಾರು ಇದ್ದಾರೆ ಅಂತ ಮೊದಲು ನೋಡ್ತೀರ, ಸಹಜ. ಆಮೇಲೆ ಯಾರು ಯಾರಿಗೆ ದಾರಿ ಬಿಟ್ಟರು ಅಂತ ನೋಡಿ, ಯಾರು ಪ್ರತಿ ಸಲ ಬಿಡ್ತಾರೆ ಯಾರು ಒಂದು ಸಲನೂ ಬಿಡಲ್ಲ ಅನ್ನೋದು ಬೇಗ ಗೊತ್ತಾಗತ್ತೆ. ಕಡೆಗೆ ಆ ಹೊತ್ತಿಗೆ ಅಲ್ಲಿ ಯಾರು ಇರಬೇಕಿತ್ತು, ಯಾಕೆ ಇಲ್ಲ ಅಂತ. ಈ ಕಡೇದು ಕಷ್ಟ, ಕಾಣದೇ ಇರೋರನ್ನ ಹುಡುಕಬೇಕಲ್ಲ.

ಅಮ್ಮ ಅವತ್ತು ಐದು ಮೊಳಕ್ಕೆ ನಾಲ್ಕರ ದುಡ್ಡು ಕೊಟ್ಟು ಗೆದ್ದ ಮುಖದಲ್ಲಿ ಬಂದ್ರು. ವಾಪಸ್ ಹೋಗುವಾಗ ಆ ಸ್ಕೂಟರ್ ಹತ್ರ ಚೀಲ ಕೆಳಗಿಟ್ಟು ಹಿಂದಿನ ಹಿಡಿ ಎತ್ತಿ ಗೋಡೆ ಕಡೆ ಒಂದಡಿ ಜರುಗಿಸಿದೆ. ಅಜ್ಜಿ ಹೂವು ಕಟ್ತಾ ಕಟ್ತಾನೇ ಗದ್ದ ಎತ್ತಿದ್ರು, ಇನ್ನೂ ಸ್ವಲ್ಪ ಒಳಗೆ ಹಾಕಪ್ಪಾ ಅಂತ.